ಬಿಳಿ ಕರೆಗೆ ಹುಳಿ, ಸೋಪಿನ ಜಿಡ್ಡಿಗೆ ಬಿಸಿನೀರು

ಮಳೆಗಾಲವಿಡೀ ತೆರೆದ ಬಾವಿಯ ನೀರಿನಲ್ಲೇ ಸಾಗುವ ಮನೆಗಳಲ್ಲೂ ಮಾರ್ಚ್ ದಾಟಿದರೆ ಬೋರ್‌ವೆಲ್ ಮೋಟಾರು ಶುರುವಾಗುತ್ತದೆ. ಬಂಡೆಯ ಸಂದುಗಳಲ್ಲಿ ಇಳಿದು ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಕುಶಾಲನಗರದ ಹತ್ತಿರದ ಒಂದು ಹೋಂಸ್ಟೇಯಲ್ಲಿ ಏಪ್ರಿಲ್‌ನ ಒಂದು ದಿನ ಬಚ್ಚಲುಮನೆ ತೊಳೆಯಲು ನಿಂತಾಗ ಇದರ ಗುರುತು ಎಲ್ಲೆಲ್ಲೂ ಇತ್ತು. ಶವರಿನ ಗಾಜಿನ ಮೇಲೆ ಬಿಳಿ ಚುಕ್ಕೆ, ನಲ್ಲಿಯ ಕತ್ತಿಗೆ ಒರಟು ಹಕ್ಕಳೆ, ಸೊಂಟದೆತ್ತರದ ಟೈಲ್ಸಿಗೆ ಬೂದು ಪೊರೆ, ಕಮೋಡಿನೊಳಗೆ ಕೆಂಪು ಗೆರೆ.

"ಆ್ಯಸಿಡ್ ಒಂದು ಬಾಟಲಿ ತರಿಸ್ಲಾ ಅಕ್ಕ?" ಎಂದು ಮನೆಯ ಹುಡುಗ ಕೇಳಿದ. ಬೇಡ. ಹಾರ್ಡ್‌ವೇರ್ ಅಂಗಡಿಯ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಕರೆಯ ಜೊತೆಗೆ ನಲ್ಲಿಯ ಕ್ರೋಮ್ ಹೊಳಪನ್ನೂ, ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ ಬಚ್ಚಲಿನ ನೆಲ ಬೇರೆ ಕಡಪ ಕಲ್ಲಿನದು. ಕಡಪ ಸುಣ್ಣದಕಲ್ಲಿನ ಜಾತಿ, ಅಮೃತಶಿಲೆಯೂ ಅಷ್ಟೇ. ನಿಂಬೆರಸ ಬಿದ್ದರೂ ಕಪ್ಪು ಹೊಳಪು ಹೋಗಿ ಬೂದಿ ಬಣ್ಣದ ಮಚ್ಚೆ ಉಳಿಯುತ್ತದೆ. ಅದನ್ನು ಮತ್ತೆ ಪಾಲಿಶ್ ಮಾಡಿಸಬೇಕಷ್ಟೆ, ತೊಳೆದರೆ ಹೋಗದು.

ಮೊದಲು ಕೊಳೆ ಯಾವುದೆಂದು ತಿಳಿಯಬೇಕು. ಉಗುರಿನಲ್ಲಿ ಕೆರೆದಾಗ ಮೇಣದಂತೆ ಎದ್ದು ಬಂದರೆ ಅದು ಸೋಪಿನ ಜಿಡ್ಡು: ಸೋಪಿನ ಕೊಬ್ಬಿನಾಮ್ಲ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಲ್ಲಿ ಕರಗದ ಅಂಟಾಗಿರುತ್ತದೆ. ಕೆರೆದರೂ ಏಳದೆ, ಒಂದು ಹನಿ ಹುಳಿ ಬಿಟ್ಟಾಗ ನೊರೆಯೆದ್ದರೆ ಅದು ಸುಣ್ಣದ ಕರೆ. ಹೆಚ್ಚಿನ ಕಡೆ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಮೇಲಿನ ಜಿಡ್ಡು ತೆಗೆಯದೆ ಹುಳಿ ಹಾಕಿದರೆ ಹುಳಿ ಕೆಳಗಿನ ಕರೆಗೆ ಮುಟ್ಟುವುದೇ ಇಲ್ಲ. "ಎಷ್ಟು ವಿನೆಗರ್ ಹಾಕಿದ್ರೂ ಹೋಗಲ್ಲ" ಎನ್ನುವವರ ತೊಂದರೆ ಬಹುತೇಕ ಇಲ್ಲೇ ಇರುತ್ತದೆ.

ಆದ್ದರಿಂದ ಮೊದಲ ಸುತ್ತು ಜಿಡ್ಡಿಗೆ. ಒಂದು ಲೀಟರ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ, ವಾಷಿಂಗ್ ಸೋಡಾ ಒಂದು ಚಮಚ. ಕೈಗವಸು ಹಾಕಿ, ಗೋಡೆಗೆ ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು. ಮೇಲಿನಿಂದ ಹಚ್ಚಿದರೆ ಒಣಗಿದ ಭಾಗದ ಮೇಲೆ ಇಳಿದು ಗೆರೆ ಮೂಡುತ್ತದೆ. ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ ಮೆತ್ತನೆಯ ಸ್ಕ್ರಬ್ಬರಿನಿಂದ ತಿಕ್ಕಿ ತೊಳೆಯಿರಿ. ಗಾಜಿನ ಅಲ್ಯುಮಿನಿಯಂ ಚೌಕಟ್ಟಿಗೆ ಮಾತ್ರ ಸೋಡಾ ತಾಗಿಸಬಾರದು, ಅದು ಕಪ್ಪಾಗುತ್ತದೆ. ಸೋಡಾ ಉಳಿದರೆ ಮುಂದಿನ ಹುಳಿಯ ಬಲ ಅಲ್ಲೇ ಮುಗಿಯುತ್ತದೆ, ಹಾಗಾಗಿ ಚೆನ್ನಾಗಿ ತೊಳೆಯಬೇಕು. ಬೇಕಿಂಗ್ ಸೋಡಾ, ವಿನೆಗರ್ ಎರಡನ್ನೂ ಬೆರೆಸಿ ನೊರೆ ಬರಿಸುವುದೂ ಇದೇ ಕಾರಣಕ್ಕೆ ವ್ಯರ್ಥ.

ಎರಡನೆಯ ಸುತ್ತಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಪುಡಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ. ಬಿಳಿ ವಿನೆಗರ್ ಆದರೆ ನೀರು ಬೆರೆಸದೆ ಹಾಕಬಹುದು. ಕೊಡಗಿನ ಅಡುಗೆಗೆ ಬಳಸುವ ಕಾಚಂಪುಳಿಯೂ ಹುಳಿಯೇ, ಆದರೆ ಕಪ್ಪು, ಅಂಟು. ಟೈಲ್ಸಿನ ಸಂದಿಗೆ ಬಣ್ಣ ಹಿಡಿಸುತ್ತದೆ, ಅದು ಅಡುಗೆಮನೆಯಲ್ಲೇ ಇರಲಿ. ಕಡಪ ನೆಲವನ್ನು ಮೊದಲು ನೀರಲ್ಲಿ ನೆನೆಸಿ, ಗೋಡೆಯ ಬುಡಕ್ಕೆ ಒದ್ದೆ ಗೋಣಿ ಹಾಸಿ, ಬಿದ್ದ ಹನಿಯನ್ನು ಆಗಲೇ ನೀರು ಸುರಿದು ತೊಳೆದುಬಿಡಬೇಕು. ಟೈಲ್ಸ್ ಸಂದುಗಳನ್ನೂ ಹುಳಿ ಹಾಕುವ ಮುಂಚೆ ಒದ್ದೆ ಮಾಡಿದರೆ ಸಿಮೆಂಟು ಹುಳಿಯನ್ನು ಅಷ್ಟಾಗಿ ಕುಡಿಯುವುದಿಲ್ಲ.

ನೆಟ್ಟಗಿರುವ ಜಾಗದಲ್ಲಿ ಹುಳಿನೀರು ನಿಲ್ಲುವುದಿಲ್ಲ, ಅದನ್ನು ನಿಲ್ಲಿಸುವುದೇ ಈ ಕೆಲಸದ ಜಾಣ್ಮೆ. ಹಳೆಯ ಹತ್ತಿ ಬಟ್ಟೆ ಅದ್ದಿ ನಲ್ಲಿಯ ಕತ್ತಿಗೆ ಸುತ್ತಿ 15 ನಿಮಿಷ ಬಿಡಿ, ಗಾಜಿಗೆ ಟಿಶ್ಯೂ ಅಂಟಿಸಿ. ಶವರ್ ತಲೆಯನ್ನು ಬಿಚ್ಚಿ ಅರ್ಧ ಗಂಟೆ ಹುಳಿಯಲ್ಲಿ ಮುಳುಗಿಸಿ, ರಬ್ಬರ್ ತೂತುಗಳನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸುಣ್ಣದ ಕಾಳುಗಳು ಉದುರುತ್ತವೆ. ನಲ್ಲಿಯ ಬಾಯಿಯ ಜಾಲರಿಯನ್ನೂ ಮರೆಯಬೇಡಿ. ನೀರು ಸಣ್ಣಗೆ ಬರಲು ಹಲವು ಬಾರಿ ಅದೇ ಕಾರಣ. ಕಪ್ಪು ಅಥವಾ ಚಿನ್ನದ ಲೇಪದ ನಲ್ಲಿಗೆ ಇದ್ಯಾವುದೂ ಬೇಡ, ಸೋಪುನೀರು, ಮೆತ್ತನೆ ಬಟ್ಟೆ ಸಾಕು.

ಕಮೋಡಿನ ಕೆಂಪು ಗೆರೆ ಕಬ್ಬಿಣದ್ದು. ಬ್ಲೀಚ್ ಹಾಕಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಆಕ್ಸಾಲಿಕ್ ಆ್ಯಸಿಡ್, ಅರ್ಧ ಲೀಟರ್ ನೀರಿಗೆ ಒಂದು ಚಮಚ, ಅದೂ ಸುಣ್ಣದ ಕರೆ ಪೂರ್ತಿ ಹೋದ ಮೇಲೆ. ಇಲ್ಲವಾದರೆ ಎರಡೂ ಸೇರಿ ಕರಗದ ಬಿಳಿ ಪುಡಿಯಾಗಿ ಕೂರುತ್ತದೆ. ಆಕ್ಸಾಲಿಕ್ ಆ್ಯಸಿಡ್ ವಿಷ, ಕೈಗವಸು ಬಿಡಬಾರದು, ಡಬ್ಬ ಮಕ್ಕಳ ಕೈಗೆ ಸಿಗಬಾರದು. ಸಂದಿನ ಕಪ್ಪು ಬೂಷ್ಟಿಗೆ ಬ್ಲೀಚ್ ಬೇಕೇಬೇಕೆಂದರೆ ಬೇರೆ ದಿನ ಮಾಡಿ. ಹುಳಿಗೆ ಬ್ಲೀಚ್ ಬೆರೆತರೆ ಕ್ಲೋರಿನ್ ಹೊಗೆ ಏಳುತ್ತದೆ, ಚಳಿ-ಮಳೆಗೆಂದು ಕಿಟಕಿ ಕಿರಿದಾಗಿ ಇಟ್ಟ ಬಚ್ಚಲಿನಲ್ಲಿ ಅದು ಉಸಿರುಗಟ್ಟಿಸುತ್ತದೆ.

ಇಷ್ಟಾದರೂ ಗಾಜಿನ ಒಂದು ಮೂಲೆ ಮಂಜಾಗಿಯೇ ಉಳಿಯಿತು. ಅದು ಸಿಲಿಕಾ ಕರೆ ಇರಬಹುದು, ಗಾಜೇ ಸವೆದಿರಬಹುದು; ಎರಡಕ್ಕೂ ಹುಳಿ ನಾಟದು. ಗಾಜು ಪಾಲಿಶ್ ಮಾಡುವ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಕಲಸಿ, ಫೆಲ್ಟ್ ಬಟ್ಟೆಯಲ್ಲಿ ಉಜ್ಜಿದರೆ ಸ್ವಲ್ಪ ತಿಳಿಯಾಗುತ್ತದೆ. ಸ್ಟೀಲ್ ಉಜ್ಜು ಹಿಡಿದರೆ ಗೀರು ಬೀಳುತ್ತದೆ.

ಹೊಸದಾಗಿ ಕರೆ ಕೂರದಿರಲು ಆ ಮನೆಯವರಿಗೆ ಹೇಳಿದ್ದು ಎರಡು: ಸ್ನಾನವಾದ ಮೇಲೆ ಗಾಜಿಗೊಮ್ಮೆ ವೈಪರ್ ಎಳೆಯುವುದು, ಅತಿಥಿಗಳಿಗೆ ಸೋಪಿನ ಬದಲು ಬಾಡಿ ವಾಶ್ ಇಡುವುದು. ಬಹುತೇಕ ಬಾಡಿ ವಾಶ್‌ಗಳಲ್ಲಿ ಸೋಪಿನ ಕೊಬ್ಬಿನ ಲವಣ ಇರುವುದಿಲ್ಲವಾದ್ದರಿಂದ ಬೂದು ಪೊರೆ ಹೆಚ್ಚು ಕಟ್ಟುವುದಿಲ್ಲ.