ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಅಣಬೆ ಹುಡುಕೋಕೆ ಹೋಗೋರಿಗೆ

ಹೋದ ವರ್ಷ ಪುಷ್ಯ ಮಳೇಲಿ, ಅಂದ್ರೆ ಜುಲೈ ಕೊನೇಲಿ, ತೀರ್ಥಹಳ್ಳಿ ಹತ್ರ ಫ್ರೆಂಡ್‌ನ ಅತ್ತೆ ಮನೆಗೆ ಹೋಗಿದ್ವಿ. ಶಿವಮೊಗ್ಗ ತನಕ ಟ್ರೈನು, ಅಲ್ಲಿಂದ ಬಸ್ಸಲ್ಲಿ ಸುಮಾರು 60 ಕಿಲೋಮೀಟರ್. ತಿಂಗಳ ಮುಂಚೇನೇ ಡೇಟ್ ಫಿಕ್ಸ್ ಮಾಡ್ಬೇಡಿ, ನಾಕು ದಿನ ಜೋರು ಸುರಿದು, ಮಳೆ ಬಿಟ್ಟು ಹೊಳವಾದ ಬೆಳಿಗ್ಗೆನೇ ಅಣಬೆ ಏಳೋದು, ಊರಲ್ಲಿ ಗುರುತಿರೋರು ಫೋನ್ ಮಾಡಿದ್ ಕೂಡ್ಲೇ ಹೊರಟುಬಿಡಿ.

ಅತ್ತೆಗೆ ಅವರ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋ ಕಾಡುಗುಡ್ಡ) ಯಾವ ಹುತ್ತದ ಪಕ್ಕ ಏಳುತ್ತೆ ಅಂತ ಬಾಯಿಪಾಠ. ದರಗು, ಅಂದ್ರೆ ಒಣಗಿದೆಲೆ ಸರಿಸಿದ್ರೆ ಬೂದು ಬಣ್ಣದ ಮೊನಚು ತಲೆಗಳು, ನೆಲ ಸೀಳ್ಕೊಂಡು ಬಂದಿದ್ವು. ಕಾಂಡದ ಸುತ್ತ ಬೆರಳಲ್ಲೇ ಮಣ್ಣು ಬಿಡಿಸ್ತಾ ಹೋದ್ರೆ ಬೇರಿನ ತರ ಗೇಣುದ್ದ ಕೆಳಗೆ ಇಳಿದಿತ್ತು, ಅದು ಹೋಗೋದು ಗೆದ್ದಲು ಗೂಡಿಗೇ. ಗೆದ್ದಲು ಸಾಕಿದ್ರೇನೇ ಈ ಅಣಬೆ, ಹಂಗಾಗಿ ಬಟನ್ ಅಣಬೆ ತರ ಇದನ್ನ ಶೆಡ್ಡಲ್ಲಿ ಬೆಳೆಯೋಕಾಗಲ್ಲ. ಗುದ್ದಲಿ ಹಾಕಿ ಗೂಡು ಕೆಡವಿದ್ರೆ ಮುಂದಿನ ವರ್ಷ ಅಲ್ಲಿ ಏನೂ ಸಿಗಲ್ಲ, ದಯವಿಟ್ಟು ಹಂಗೆ ಮಾಡ್ಬೇಡಿ.

ಬರ್ತಾ ಹುಲ್ಲು ಬಯಲಲ್ಲಿ ಛತ್ರಿಯಷ್ಟು ಅಗಲದ ಬೆಳ್ಳಗಿನ ಅಣಬೆ ಕಂಡು ನಾನೂ ಎರಡು ಕಿತ್ತು ಬುಟ್ಟಿಗೆ ಹಾಕ್ದೆ. ಅತ್ತೆ ನೋಡಿದವರೇ "ಅದನ್ನ ಬಿಸಾಕು ಮಗಾ, ಕೈ ತೊಳ್ಕೋ" ಅಂದ್ರು. ತಿರುಗಿಸಿ ನೋಡಿದ್ರೆ ಅಡಿಯ ಪದರಗಳು ಹಸಿರು ತಿರುಗಿದ್ವು, ಅದು ತಿಂದ್ರೆ ವಾಂತಿ ಭೇದಿ ಗ್ಯಾರಂಟಿ. ಬುಡದಲ್ಲಿ ಬಟ್ಟಲಿನ ತರ ಚೀಲ ಇರೋ ಬಿಳಿ ಅಣಬೆ ಇನ್ನೂ ಅಪಾಯ, ಅದ್ರಲ್ಲಿ ಕೆಲವು ತಿಂದು ಆರು ಗಂಟೆಗೂ ಹೆಚ್ಚು, ಕೆಲವು ಸಲ ಒಂದಿಡೀ ದಿನ ಏನೂ ಆಗ್ದೆ, ಆಮೇಲೆ ವಾಂತಿ ಭೇದಿ ಶುರುವಾಗಿ ಲಿವರ್‌ಗೇ ಹೊಡೆಯುತ್ತೆ. ಬೆಳ್ಳಿ ಕಾಸು ಹಾಕಿ ಬೇಯಿಸಿ ಅದು ಕಪ್ಪಾಗ್ಲಿಲ್ಲ ಅಂದ್ರೆ ವಿಷ ಇಲ್ಲ ಅನ್ನೋದು, ಹುಳ ತಿಂದಿದೆ ಅಂದ್ರೆ ನಾವೂ ತಿನ್ಬಹುದು ಅಂತ ನಂಬೋದು, ಎರಡೂ ಸುಳ್ಳು. ಮೊಬೈಲ್ ಆಪ್ ನಂಬ್ಕೊಂಡಂತೂ ತಿನ್ಲೇಬೇಡಿ. ಅಡುಗೆ ಮಾಡೋವಾಗ ಒಂದು ಹಸಿ ಅಣಬೆ ಪೇಪರಲ್ಲಿ ಸುತ್ತಿ ತೆಗೆದಿಡಿ, ಏನಾದ್ರೂ ಆದ್ರೆ ಡಾಕ್ಟ್ರಿಗೆ ತೋರಿಸೋಕೆ ಬೇಕಾಗುತ್ತೆ. ಮರದ ಮೇಲಿನ ಗಟ್ಟಿ ಅಣಬೆ ತೇದು ಔಷಧಿಗೆ ಬಳಸೋರಿದ್ದಾರೆ, ಗೊತ್ತಿಲ್ದೆ ನೀವಾಗೇ ಪ್ರಯೋಗ ಮಾಡ್ಬೇಡಿ.

ರಿಸರ್ವ್ ಫಾರೆಸ್ಟು, ಅಭಯಾರಣ್ಯದೊಳಗೆ ಪರ್ಮಿಶನ್ ಇಲ್ದೆ ಹೋಗೋದು ತಪ್ಪು, ಗುರುತಿನವರ ಜಾಗದಲ್ಲೇ ಹುಡುಕಿ. ಉಂಬಳ (ರಕ್ತ ಹೀರೋ ಜಿಗಣೆ) ಕಾಲಿಗೆ ಹತ್ತೇ ಹತ್ತುತ್ತೆ, ಬಿಡಿಸೋಕೆ ಸುಣ್ಣ ಜೊತೆಗಿರ್ಲಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಕೊಳೆಯುತ್ತೆ, ಬುಟ್ಟಿಲಿ ಬಾಳೆಲೆ ಹಾಸಿ ತನ್ನಿ. ಬೆಂಗಳೂರಿಗೆ ಒಯ್ಯೋ ಆಸೆ ಬಿಟ್ಟು ಅವತ್ತೇ ಅಲ್ಲೇ ಸಾರು ಮಾಡಿಸಿ, ಕಡುಬಿನ ಜೊತೆ ಬಿಸಿಬಿಸಿ ತಿನ್ನಿ.