ಷಾರ್ಜಾಕ್ಕೆ ಹೋದವರು ಖೋರ್‌ಫಕ್ಕಾನ್ ಕಡಲು ನೋಡಿ ಬನ್ನಿ

ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯಿಂದ ಮಕ್ಕಳ ಮನೆಗೆಂದು ದುಬೈ, ಷಾರ್ಜಾಕ್ಕೆ ಹೋಗುವ ಹಿರಿಯರು ಈಗ ಜಾಸ್ತಿ. ಎತ್ತರದ ಕಟ್ಟಡ, ಮಾಲ್ ಎಲ್ಲಾ ಬೇಗ ನೋಡಿ ಮುಗಿಯುತ್ತದೆ. ಆಮೇಲೆ ಕಡಲಿಗೆ ಹೋಗೋಣ ಅಂದರೆ, "ಕಡಲು ನಮ್ಮೂರಲ್ಲೇ ಇಲ್ವಾ?" ಅನ್ನುತ್ತಾರೆ. ನಮ್ಮ ಅತ್ತೆಯೂ ಹಾಗೇ ಅಂದಿದ್ದರು. ನಗರದ ಬೀಚುಗಳ ಮಟ್ಟಿಗೆ ಆ ಮಾತು ಸರಿ. ಖೋರ್‌ಫಕ್ಕಾನ್ ಮಾತ್ರ ಬಿಡಬೇಡಿ.

ಈ ಊರು ಯುಎಇಯ ಷಾರ್ಜಾ ಎಮಿರೇಟಿಗೇ, ಅಂದರೆ ಷಾರ್ಜಾ ಸಂಸ್ಥಾನಕ್ಕೇ ಸೇರಿದ್ದು. ಆದರೆ ಇರುವುದು ದೇಶದ ಪೂರ್ವ ಕರಾವಳಿಯಲ್ಲಿ, ಒಮಾನ್ ಕೊಲ್ಲಿಯ ದಡದಲ್ಲಿ. ಬೆನ್ನಿಗೆ ಹಜರ್ ಬೆಟ್ಟಗಳು, ಎದುರಿಗೆ ಕಡಲು. ಬೇಕಲಕ್ಕೆ ನಾವು ಸೂರ್ಯ ಮುಳುಗುವುದನ್ನು ನೋಡಲು ಹೋಗುತ್ತೇವೆ ಅಲ್ವಾ, ಇಲ್ಲಿ ಸೂರ್ಯ ಕಡಲಿನಿಂದ ಮೇಲೆ ಬರುತ್ತಾನೆ. ಹಾಗಾಗಿ ಕತ್ತಲಿರುವಾಗಲೇ ಮನೆ ಬಿಡಿ. ಸಂಜೆ ಕತ್ತಲಾಗುವ ಎಷ್ಟೋ ಮೊದಲೇ ಸೂರ್ಯ ಬೆಟ್ಟದ ಹಿಂದೆ ಸರಿದು ದಡಕ್ಕೆ ನೆರಳು ಬರುತ್ತದೆ. ಬೆಳಗ್ಗೆ ಒಂದಷ್ಟು ಹೊತ್ತು, ಇಳಿಹೊತ್ತಿನಲ್ಲಿ ಒಂದಷ್ಟು ಹೊತ್ತು ನೀರಿನ ಹತ್ತಿರ ಇದ್ದು, ನಡುವಿನ ಬಿಸಿಲನ್ನು ಬೇರೆಡೆ ಕಳೆಯುವುದು ಒಳ್ಳೆಯದು.

ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಮೇ ತಿಂಗಳಿನಿಂದ ಸೆಪ್ಟೆಂಬರ್ ತನಕ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಆಗ ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬೇಡಿ. ಷಾರ್ಜಾದಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಸರಕಾರಿ ರಜೆ. ಆ ದಿನಗಳಲ್ಲಿ ಜನ ಜಾಸ್ತಿ. ಮಗನಿಗೋ ಅಳಿಯನಿಗೋ ವಾರದ ನಡುವೆ ಒಂದು ರಜೆ ಸಿಕ್ಕಿದರೆ ಅವತ್ತೇ ಹೊರಡಿ.

ಷಾರ್ಜಾದಿಂದ ಖೋರ್‌ಫಕ್ಕಾನಿಗೆ 2019ರಲ್ಲಿ ಹೊಸ ರಸ್ತೆ ಆಯಿತು. ಸುಮಾರು 89 ಕಿಲೋಮೀಟರ್. ಬೆಟ್ಟ ಕೊರೆದು ಐದು ಸುರಂಗ ಮಾಡಿದ್ದಾರೆ. ಮೊದಲು ಬರೀ ಮರಳು, ಆಮೇಲೆ ಒಂದು ಹಸಿರು ಎಲೆಯೂ ಇಲ್ಲದ ಕಂದು ಬೆಟ್ಟಗಳು. ಅಡಿಕೆ ತೋಟದ ನಡುವೆ ಬೆಳೆದ ನಮಗೆ ಈ ಬೋಳು ಬೆಟ್ಟ ಇಷ್ಟು ಚೆಂದ ಕಾಣಬಹುದು ಅಂತ ಅನಿಸಿರುವುದೇ ಇಲ್ಲ. ಅತ್ತೆ ದಾರಿಯಿಡೀ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಊರು ತಲುಪುವ ಮೊದಲು ಅಲ್ ರಫೀಸಾ ಅಣೆಕಟ್ಟು ಸಿಗುತ್ತದೆ. ಅಲ್ಲಿ ಇಳಿಯಿರಿ. ನೀರಿನ ಪಕ್ಕ ಕೂರಲು ಜಾಗ ಇದೆ, ಶೌಚಾಲಯ ಇದೆ, ದೋಣಿಯೂ ಇದೆ. ಹಿರಿಯರು ಜೊತೆಗಿದ್ದರೆ ಇಂಥ ಒಂದು ನಿಲುಗಡೆ ಬೇಕೇ ಬೇಕು.

ಕಾರಿಲ್ಲದವರಿಗೆ ಷಾರ್ಜಾದ ಜುಬೈಲ್ ನಿಲ್ದಾಣದಿಂದ 116 ನಂಬರಿನ ಬಸ್ ಇದೆ. ಪಕ್ಕದ ಎಮಿರೇಟ್ ಫುಜೈರಾ ಸುತ್ತಿಕೊಂಡು ಹೋಗುವುದರಿಂದ ತಡವಾಗುತ್ತದೆ. ವಾಪಸು ಬರುವ ಕೊನೆಯ ಬಸ್ಸಿನ ಹೊತ್ತನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ. ವಿಸಿಟ್ ವೀಸಾದಲ್ಲಿ ಹೋದವರು ಬಾಡಿಗೆ ಕಾರು ಓಡಿಸುವುದಾದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಊರಿನ ಆರ್‌ಟಿಒ ಕಚೇರಿಯಿಂದಲೇ ಮಾಡಿಸಿಕೊಂಡು ಹೋಗಬೇಕು. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಬದಿಯಲ್ಲಿ. ಹಾಗಾಗಿ ಅಲ್ಲಿಯೇ ಇರುವ ಮಕ್ಕಳು ಓಡಿಸಿದರೆ ನಿಶ್ಚಿಂತೆ.

ಕಡಲು ಅಲ್ಲಿ ದೊಡ್ಡ ಕೊಲ್ಲಿಯ ಒಳಗೆ ಇರುವುದರಿಂದ ಅಲೆ ಕಮ್ಮಿ. ನಮ್ಮ ಮಳೆಗಾಲದ ಕಡಲು ನೋಡಿದವರಿಗೆ ಇದು ಕೆರೆಯಂತೆ ಕಾಣುತ್ತದೆ. ಹಾಗಂತ ಮಕ್ಕಳನ್ನು ಸುಮ್ನೆ ಬಿಟ್ಟುಬಿಡಬೇಡಿ. ದಡದುದ್ದಕ್ಕೂ ನಡೆಯಲು ಕಲ್ಲು ಹಾಸಿದ ದಾರಿ ಇದೆ. ಮೊಣಕಾಲು ನೋವಿರುವ ಅತ್ತೆ ಮರಳಿನಲ್ಲಿ ಕಷ್ಟಪಡದೆ ಆ ದಾರಿಯಲ್ಲೇ ಆರಾಮಾಗಿ ನಡೆದರು.

ಷಾರ್ಜಾದ ನಿಯಮ ದುಬೈಗಿಂತ ಬಿಗಿ. ಮದ್ಯ ಪೂರ್ತಿ ನಿಷೇಧ. ನೀರಿಗೆ ಇಳಿಯುವಾಗಲೂ ಮೈ ಮುಚ್ಚುವ ಬಟ್ಟೆ ಇರಲಿ. ನಮ್ಮ ಹೆಂಗಸರಿಗೆ ಚೂಡಿದಾರ್ ಸಾಕು, ಮುಜುಗರ ಆಗುವುದಿಲ್ಲ. ಬೇರೆಯವರ ಫೋಟೊ ಕೇಳದೆ ತೆಗೆದರೆ ಕೇಸ್ ಆಗಬಹುದು. ಕೊಲ್ಲಿಯ ಒಂದು ಬದಿಯಲ್ಲಿ ದೊಡ್ಡ ಬಂದರು ಇದೆ, ಅದರ ಕಡೆಗೂ ಕ್ಯಾಮೆರಾ ತಿರುಗಿಸಬೇಡಿ.

ಊಟಕ್ಕೆ ಚಿಂತೆ ಇಲ್ಲ. ಮಲಯಾಳಿ ಹೋಟೆಲುಗಳು ಸಿಗುತ್ತವೆ, ಕುಚ್ಚಲಕ್ಕಿ ಅನ್ನ, ಮೀನು ಸಾರು ಸಿಗುತ್ತದೆ. ಕಾಸರಗೋಡಿನವರಿಗೆ ಮಲಯಾಳ ಬರುವುದರಿಂದ ದಾರಿ ಕೇಳುವುದಕ್ಕೂ ಸುಲಭ. ಸಸ್ಯಾಹಾರಿಗಳು ಮಾತ್ರ ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ನೀರು ಜಾಸ್ತಿ ಇರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೈಚೀಲದಲ್ಲೇ ಇರಲಿ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯೂ ಇರಲಿ.

ನಡುಮಧ್ಯಾಹ್ನಕ್ಕೆ ಸ್ವಲ್ಪ ಉತ್ತರದ ಅಲ್ ಬಿದ್ಯಾ ಮಸೀದಿಗೆ ಹೋಗಬಹುದು. ಫುಜೈರಾಕ್ಕೆ ಸೇರಿದ, 15ನೇ ಶತಮಾನದ್ದೆನ್ನುವ ಪುಟ್ಟ ಮಸೀದಿ. ಕಲ್ಲು, ಮಣ್ಣಿನ ಕಟ್ಟಡ, ನಾಲ್ಕು ಗುಮ್ಮಟ, ಒಳಗೆ ಅದನ್ನೆಲ್ಲಾ ಹೊತ್ತ ಒಂದೇ ಕಂಬ. ಗಗನಚುಂಬಿ ಕಟ್ಟಡಗಳಿಗಿಂತ ಇದು ನನಗೆ ಹೆಚ್ಚು ಹಿಡಿಸಿತು. ತಲೆ, ಕೈಕಾಲು ಮುಚ್ಚುವ ಬಟ್ಟೆ ಬೇಕು. ನಮಾಜಿನ ಹೊತ್ತು ತಪ್ಪಿಸಿ ಹೋಗಿ.

ಒಂದು ಎಚ್ಚರಿಕೆ. ಮೋಡ ಕವಿದ ದಿನ ಹೊರಡಬೇಡಿ. ಆ ಬೆಟ್ಟಗಳಲ್ಲಿ ನೀರು ಇಂಗುವುದಿಲ್ಲ, ಎಲ್ಲೋ ಸುರಿದ ಮಳೆ ಒಣಗಿದ ಹಳ್ಳಗಳಲ್ಲಿ ಏಕಾಏಕಿ ನುಗ್ಗಿ ಬರುತ್ತದೆ. ಅಂಥ ಹಳ್ಳಗಳಿಗೆ ವಾದಿ ಅನ್ನುತ್ತಾರೆ. ಪ್ರವಾಹ ಬಂದ ವಾದಿಗೆ ಗಾಡಿ ಇಳಿಸಿದರೆ 2000 ದಿರ್ಹಂ ದಂಡ, ಗಾಡಿಯನ್ನೂ 60 ದಿನ ಹಿಡಿದಿಡುತ್ತಾರೆ. ಹಿಂದಿನ ರಾತ್ರಿ ಹವಾಮಾನ ನೋಡಿ, ಮಳೆಯ ಸೂಚನೆ ಇದ್ದರೆ ಬೇರೆ ದಿನಕ್ಕೆ ಇಟ್ಟುಕೊಳ್ಳಿ.