ಕೆಸರು ಗದ್ದೆಯಲ್ಲಿ ಅರ್ಧ ಟ್ಯಾಂಕ್ ಆದರೆ ಸಾಕು

ಭತ್ತದ ಕಟಾವು ಮಷಿನ್ ಓಡಿಸುವುದು ನನ್ನ ಕೆಲಸ. ಒಣಗಿದ ಗದ್ದೆ ಸಿಕ್ಕರೆ ಈ ಕೆಲಸ ಸಲೀಸು. ಮಳೆ ಹೊಡೆದು, ಪೈರು ಒರಗಿ, ಕಾಲಿಟ್ಟರೆ ಪಾದ ಮುಳುಗುವ ಗದ್ದೆಗೆ ಇಳಿದಾಗಲೇ ಕಷ್ಟ ಗೊತ್ತಾಗುವುದು. ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಭಾರದ ವಿಷಯ. ಕೆಸರಿನಲ್ಲಿ ಎಂಜಿನ್ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಮಷಿನ್ ಎಷ್ಟು ತೂಗುತ್ತಿದೆ ಅನ್ನುವುದೇ ಮುಖ್ಯ.

ಮಷಿನ್ ಇಳಿಸುವ ಮೊದಲು ಗದ್ದೆ ಸುತ್ತಬೇಕು. ಬದುವಿನ ಮೇಲೆ ನಿಂತು ನೋಡಿದರೆ ಸಾಲದು, ಚಪ್ಪಲಿ ಬಿಟ್ಟು ಒಳಗೇ ನಡೆಯಬೇಕು. ಕೆಸರು ಮಾಡಿ ನಾಟಿ ಹಾಕುವ ಗದ್ದೆಯಲ್ಲಿ ಮೆತ್ತನೆ ಮಣ್ಣಿನ ಕೆಳಗೆ, ಸುಮಾರು 15ರಿಂದ 25 ಸೆಂಟಿಮೀಟರ್ ಆಳದಲ್ಲಿ, ಒಂದು ಗಟ್ಟಿ ಪದರ ಇರುತ್ತದೆ. ವರ್ಷಗಟ್ಟಲೆ ಉತ್ತು, ತುಳಿದು ಆದ ಪದರ ಅದು. ಗದ್ದೆಯಲ್ಲಿ ನೀರು ನಿಲ್ಲಿಸುವುದೂ ಅದೇ, ಮಷಿನ್ ಹೊರುವುದೂ ಅದೇ. ಹಿಮ್ಮಡಿ ಊರಿ ಒತ್ತಿ ನೋಡಿ. ಕೆಸರು ದಾಟಿ ಕೆಳಗೆ ಗಟ್ಟಿಯಾಗಿ ತಗುಲಿದರೆ ಧೈರ್ಯವಾಗಿ ಇಳಿಯಬಹುದು. ಒತ್ತಿದಷ್ಟೂ ಕಾಲು ಇಳಿಯುತ್ತಲೇ ಹೋದರೆ ಅಲ್ಲೊಂದು ಕೋಲು ನೆಟ್ಟು ಗುರುತು ಮಾಡಿ. ನೀರು ಬಂದು ಬೀಳುವ ಬಾಯಿ, ತೂಬಿನ ಪಕ್ಕ, ಹಿಂದೊಮ್ಮೆ ಮಷಿನ್ ಹೂತಿದ್ದ ಜಾಗ ಹೆಚ್ಚಾಗಿ ಇಂಥವೇ. ಅಷ್ಟನ್ನು ಕುಡುಗೋಲಿಗೆ ಬಿಟ್ಟುಬಿಡಿ. ನಾಲ್ಕು ಹೆಜ್ಜೆ ಜಾಗ ಉಳಿಸಿಕೊಳ್ಳಲು ಹೋಗಿ ಅರ್ಧ ದಿನ ಕಳೆಯುವುದು ಯಾರಿಗೂ ಬೇಡ.

ಇಂಥ ಗದ್ದೆಗೆ ಟೈರ್ ಬದಲು ರಬ್ಬರ್ ಚೈನ್ ಮೇಲೆ ಓಡುವ ಚೈನ್ ಮಷಿನ್ನೇ ಸರಿ. ರಬ್ಬರ್ ಚೈನ್ ಉದ್ದಕ್ಕೆ ಹರಡಿಕೊಂಡು ಕೂರುವುದರಿಂದ ಭಾರವೂ ಹರಡುತ್ತದೆ. ಟೈರ್ ಮಷಿನ್‌ನಲ್ಲಿ ಅದೇ ಭಾರ ನಾಲ್ಕು ಸಣ್ಣ ಜಾಗಗಳ ಮೇಲೆ ಬೀಳುತ್ತದೆ. ಆದರೆ ಚೈನ್ ಇದೆ ಅಂತ ಮೈಮರೆಯುವ ಹಾಗಿಲ್ಲ. ಕೊಯ್ದ ಭತ್ತ ಬಂದು ಬೀಳುವ ಟ್ಯಾಂಕ್ ತುಂಬುತ್ತಾ ಹೋದಂತೆ ಲೆಕ್ಕವೇ ಬದಲಾಗುತ್ತದೆ.

ಒಂದು ಘನ ಮೀಟರ್ ಭತ್ತ 550ರಿಂದ 600 ಕೆಜಿ ತೂಗುತ್ತದೆ. ಹಸಿ ಭತ್ತವಾದರೆ ಇನ್ನೂ ಜಾಸ್ತಿ. ಹಲವು ಚೈನ್ ಮಷಿನ್‌ಗಳಲ್ಲಿ ಟ್ಯಾಂಕ್ ಒಂದು ಪಕ್ಕಕ್ಕೆ ಇರುತ್ತದೆ. ಅಂದರೆ ತುಂಬಿದ ಭಾರವೆಲ್ಲ ಹೆಚ್ಚಾಗಿ ಒಂದೇ ಚೈನ್ ಮೇಲೆ. ಸೀಟಿನಲ್ಲಿ ಕೂತವನಿಗೆ ಇದು ಮೈಗೇ ತಿಳಿಯುತ್ತದೆ: ಮಷಿನ್ ಆ ಕಡೆಗೆ ಸ್ವಲ್ಪ ವಾಲುತ್ತದೆ, ಮುಂದಿನ ಬ್ಲೇಡ್‌ನ ಆ ತುದಿ ಕೆಸರಿಗೆ ಹತ್ತಿರವಾಗುತ್ತದೆ, ಹಿಂದೆ ತಿರುಗಿ ನೋಡಿದರೆ ಒಂದು ಚೈನಿನ ಗುರುತು ಇನ್ನೊಂದಕ್ಕಿಂತ ಆಳವಾಗಿರುತ್ತದೆ. ಅದು ಕಂಡ ತಕ್ಷಣ ಬದುವಿನ ಕಡೆ ಹೊರಡಬೇಕು. ಅದಕ್ಕೇ ಕೆಸರಿನಲ್ಲಿ ನಾನು ಅರ್ಧ ಟ್ಯಾಂಕಿಗೇ ಖಾಲಿ ಮಾಡುತ್ತೇನೆ. ಗದ್ದೆಯವರು, "ಇನ್ನೊಂದು ಸುತ್ತು ಹೊಡ್ಕೊಂಡು ಬಾರಪ್ಪ, ಡೀಸೆಲ್ ಸುಮ್ನೆ ಸುಡುತ್ತೆ" ಅನ್ನುತ್ತಾರೆ. ಅವರ ಆತಂಕ ಅರ್ಥವಾಗುತ್ತದೆ, ಮೋಡ ತಲೆಯ ಮೇಲೇ ಇರುತ್ತದಲ್ವಾ. "ಅಣ್ಣಾ, ಹೂತರೆ ಇವತ್ತಿನ ಕೆಲಸ ಅಷ್ಟೇ" ಅಂತ ಹೇಳಿ ಖಾಲಿ ಮಾಡಿಯೇ ಮುಂದೆ ಹೋಗುತ್ತೇನೆ.

ಹೋಗಿಬರುವ ದಾರಿ ಒಂದೇ ಇರಲಿ. ಮಣ್ಣು ಮೊದಲ ಸಲ ತುಳಿದಾಗಲೇ ಹೆಚ್ಚು ಅದುಮಿಕೊಳ್ಳುತ್ತದೆ. ಗದ್ದೆ ತುಂಬ ಓಡಾಡಿದರೆ ಎಲ್ಲ ಕಡೆಯೂ ಮಣ್ಣು ಕೆಡುತ್ತದೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಸಬೇಡಿ. ಒಂದು ಚೈನ್ ನಿಂತು ಇನ್ನೊಂದು ಓಡಿದರೆ ನಿಂತ ಚೈನ್ ಕೆಸರು ಗೋರಿಕೊಳ್ಳುತ್ತದೆ, ರೋಲರ್ ಸಂದಿಗೆ ಮಣ್ಣು ನುಗ್ಗಿ ಚೈನ್ ಕಳಚಿಕೊಳ್ಳಬಹುದು. ಹಿಂದೆ ಮುಂದೆ ಮಾಡುತ್ತಾ ಅಗಲವಾಗಿ ತಿರುಗಿಸಿ.

ಚೈನ್ ಜಾರತೊಡಗಿದರೆ ನಿಲ್ಲಿಸಿ. ಎಕ್ಸಲರೇಟರ್ ಕೊಟ್ಟಷ್ಟೂ ಅದು ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಟ್ಯಾಂಕ್ ಭತ್ತವನ್ನು ಚೀಲಕ್ಕೆ ಇಳಿಸಿ, ಚೈನಿನ ಹಿಂದಿನ ಮಣ್ಣು ಸರಿಸಿ, ಬಂದ ಗುರುತಿನಲ್ಲೇ ನೇರವಾಗಿ ಹಿಂದಕ್ಕೆ ತೆಗೆಯಿರಿ. ಎಳೆಸಬೇಕಾದರೆ ಹಗ್ಗವನ್ನು ಚಾಸಿಯ ಎಳೆಯುವ ಕೊಕ್ಕೆಗೆ ಹಾಕಿ, ಮುಂದಿನ ಕಟರ್‌ಗೆ ಬೇಡ. ಹಗ್ಗ ಬಿಗಿಯಾದ ಮೇಲೆ ಅದರ ಹತ್ತಿರ ಒಬ್ಬರೂ ನಿಲ್ಲಬಾರದು. ತುಂಡಾದ ಹಗ್ಗ ಬಾರಿಸಿದರೆ ಜೀವ ಹೋಗುತ್ತದೆ.

ಇನ್ನು ಪೈರಿನ ವಿಷಯ. ಇಬ್ಬನಿ ಆರುವ ತನಕ ಕಾಯಿರಿ. ಒದ್ದೆ ಹುಲ್ಲು ಕಾಳು ಬಿಡಿಸುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳು ಪೂರ್ತಿ ಉದುರುವುದಿಲ್ಲ, ಜರಡಿಗೆ ಜೊಳ್ಳು ಮೆತ್ತಿಕೊಂಡು ಒಳ್ಳೆ ಕಾಳೂ ಹುಲ್ಲಿನ ಜೊತೆ ಹಿಂದಕ್ಕೆ ಹೋಗುತ್ತದೆ. ತೆನೆ ಎತ್ತರದಲ್ಲಿದ್ದರೆ ಬ್ಲೇಡನ್ನು ಮೇಲಿಟ್ಟು ಕೊಯ್ಯಿರಿ, ಒಳಗೆ ಹೋಗುವ ಹಸಿ ಹುಲ್ಲು ಕಡಿಮೆಯಾಗುತ್ತದೆ. ಒರಗಿದ ಪೈರಿಗೆ, ಮುಂದೆ ತಿರುಗುತ್ತಾ ಪೈರನ್ನು ಬ್ಲೇಡಿನ ಕಡೆಗೆ ಎಳೆದುಕೊಳ್ಳುವ ರೀಲನ್ನು ಮುಂದಕ್ಕೂ ಕೆಳಕ್ಕೂ ತಂದು, ಪೈರು ಬಿದ್ದ ದಿಕ್ಕಿಗೆ ಎದುರಾಗಿ ನಿಧಾನಕ್ಕೆ ಹೋಗಿ. ಒಂದು ಸಾಲು ಮುಗಿದ ಮೇಲೆ ಇಳಿದು ಹಿಂದೆ ಬಿದ್ದ ಹುಲ್ಲನ್ನು ಎತ್ತಿ ಕೊಡವಿ ನೋಡಿ. ಕಾಳು ಉದುರಿದರೆ ಸ್ಪೀಡ್ ಇಳಿಸಿ, ಜರಡಿ ಒರೆಸಿ. ಬೆಳೆ ಅವರದು, ಕಾಳು ಕೆಸರಿಗೆ ಹೋಗುವುದನ್ನು ನೋಡಿಯೂ ಸುಮ್ಮನಿರುವುದು ನನಗಾಗುವುದಿಲ್ಲ.

ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಡ್ರಮ್ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ. ಒದ್ದೆ ದಿನಗಳಲ್ಲಿ ಹತ್ತಾರು ಸಲ ಸಿಕ್ಕಿಕೊಳ್ಳುತ್ತದೆ, ಬೇಸರ ಬರುತ್ತದೆ. ಅವಸರದಲ್ಲಿ ಕೈ ಹೋಗುವುದು ಇಂಥ ಹೊತ್ತಿನಲ್ಲೇ.

ಭತ್ತ ಬದುವಿಗೆ ಬಂದ ಮೇಲೆ ಗದ್ದೆಯವರಿಗೆ ಒಂದು ಮಾತು ಹೇಳಲೇಬೇಕು: ಇದನ್ನು ಚೀಲದಲ್ಲಿ ಕಟ್ಟಿಡಬೇಡಿ. ಕೊಯ್ಲಿನ ಹೊತ್ತಿಗೆ ಭತ್ತದಲ್ಲಿ ಸಾಮಾನ್ಯವಾಗಿ 20ರಿಂದ 25 ಶೇಕಡ ತೇವ ಇರುತ್ತದೆ, ಮಳೆಯಲ್ಲಿ ಅದಕ್ಕೂ ಜಾಸ್ತಿ. ಕೂಡಿಡಲು 14 ಶೇಕಡಕ್ಕಿಂತ ಕೆಳಗೆ ಬರಬೇಕು. ಹಸಿ ರಾಶಿ ಒಳಗೊಳಗೇ ಬಿಸಿಯಾಗುತ್ತದೆ, ಅಕ್ಕಿ ಹಳದಿಯಾಗುತ್ತದೆ, ಮುಗ್ಗುತ್ತದೆ. 24 ಗಂಟೆಯೊಳಗೆ ಒಣಗಿಸಲು ಶುರು ಮಾಡಬೇಕು. ಬಿಸಿಲಿಲ್ಲದಿದ್ದರೆ ಸೂರಿನ ಕೆಳಗೆ ತೆಳುವಾಗಿ ಹರಡಿ, ಗಾಳಿ ಆಡುವಂತೆ ಆಗಾಗ ಕೈಯಾಡಿಸುತ್ತಿರಿ. ಒಣಗಿಸಲು ಜಾಗವೇ ಇಲ್ಲದಿದ್ದರೆ ಅವತ್ತು ಎಷ್ಟು ಹರಡಬಹುದೋ ಅಷ್ಟನ್ನೇ ಕೊಯ್ಸಿ ಅಂತ ನಾನೇ ಹೇಳುತ್ತೇನೆ. ಬಿದ್ದು ಮೊಳಕೆ ಒಡೆಯುವ ಹಾಗಿರುವ ತಾಕನ್ನು ಮೊದಲು ಹಿಡಿಯುತ್ತೇವೆ, ನಿಂತ ಪೈರು ನಾಳೆಗೆ ಇರಲಿ.